ಭಾಮಾಬಾಯಿ ತುಂಬಿದ ಉಡಿ

ಶನಿವಾರ ಪೇಠ, ಪುಣೆ
ಜನವರಿ 1938

ಪಂಕಜಾಕ್ಷಿ ಮಿಸ್ ಅವರಿಗೆ,

ಮೇಲೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಗೆರೆ ನಿಮಗೆ ಕಾಣಲಿ ಎಂದೇ ಹೊಸ ಹಾಳೆ ತೆಗೆದುಕೊಳ್ಳಲಿಲ್ಲ.

ಮದುವೆಯಾಗಿ ಎರಡು ತಿಂಗಳು. ಮೆಟ್ಟಿಲಿಳಿಯುವಾಗಲೂ ಹಾಡಿಕೊಳ್ಳುತ್ತೇನೆ. ಸಂಜೆ ಇವರ ಸೈಕಲ್ ಗಂಟೆ ಕೇಳಿದರೆ ಕೈಯಲ್ಲಿದ್ದ ಪಾತ್ರೆ ಜಾರುತ್ತದೆ. ಇಷ್ಟು ಸಂತೋಷದೊಳಗೆ ಇಷ್ಟು ಸಿಟ್ಟಿಗೆ ಜಾಗ ಮಾಡಿಕೊಟ್ಟವರು ನೀವು, ಮಿಸ್.

ಮೆಟ್ರಿಕ್ ತರಗತಿಯಲ್ಲಿ ನೀವು ಓದಿಸಿದ ಆ ಹಳೆಯ ಅಮೆರಿಕದ ಕಾದಂಬರಿ ನೆನಪಿದೆಯೇ? ಧರ್ಮದ ಹೆಸರಿನಲ್ಲಿ ಊರೇ ಸೇರಿ ಒಬ್ಬ ಹೆಂಗಸನ್ನು ಕಟ್ಟೆಯ ಮೇಲೆ ನಿಲ್ಲಿಸುತ್ತದೆ. ತೋಳಲ್ಲಿ ಕೂಸು, ಎದೆಯ ಮೇಲೆ ಕಳಂಕದ ಗುರುತು. ಕೂಸಿನ ತಂದೆ ಯಾರೆಂದು ಅವಳು ಬಾಯಿ ಬಿಡುವುದಿಲ್ಲ. ಆ ಗುರುತನ್ನೇ ಬಂಗಾರದ ಎಳೆಯಲ್ಲಿ ಕಸೂತಿ ಹಾಕಿಕೊಂಡು ತಲೆಯೆತ್ತಿ ನಡೆಯುತ್ತಾಳೆ. ಅಲ್ಲಿಗೆ ಬಂದಾಗ ನೀವು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಶಕ್ತಿ ಅಂದ್ರ ಇದು, ಹುಡುಗ್ಯಾರ" ಎಂದಿರಿ. ಅಂದಿನಿಂದ ನಾನು ನಿಮ್ಮ ಭಕ್ತೆ. ಬೈತಲೆ ಕೂಡ ನಿಮ್ಮ ಹಾಗೆಯೇ ತೆಗೆಯುತ್ತಿದ್ದೆ.

ಮೊನ್ನೆ ನನ್ನ ಮೊದಲ ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಹಟ ಮಾಡಿ ನಿಮ್ಮನ್ನು ಕರೆಸಿದೆ. ಕರಿಯ ಚಂದ್ರಕಾಳಿ ಸೀರೆಯುಟ್ಟು, ಸಕ್ಕರೆ ಪಾಕದ ಕುಸುರೆಳ್ಳಿನ ಒಡವೆ ತೊಟ್ಟು ಮಣೆಯ ಮೇಲೆ ಕೂತಿದ್ದೆ. ಸೆರಗು ಹಿಡಿದು ನೋಡಿ, "ಕಸೂತಿ ಭಾಳ ಛಂದ ಅದ, ಯಾರ ಕೈ?" ಎಂದಿರಿ. ನಾನು ಬಾಗಿಲ ಕಡೆ ತೋರಿಸಿದೆ. ನಮ್ಮ ವಾಡೆಯ ವಠಾರದಲ್ಲೇ ಇರುವ ಭಾಮಾಬಾಯಿ ಹೊಸ್ತಿಲಾಚೆ ನಿಂತಿದ್ದರು, ಪಕ್ಕದಲ್ಲಿ ಮಗಳು. ಗಂಡ ಸತ್ತು ಮೂರು ವರ್ಷದ ಮೇಲೆ ಹುಟ್ಟಿದ ಮಗಳು. ವಾಡೆಯವರೆಲ್ಲ ಕೇಳಿ ಸೋತರೂ ಅವರು ಯಾರ ಹೆಸರನ್ನೂ ಹೇಳಿಲ್ಲ.

"ನನ್ನ ಉಡಿ ಇವರೂ ತುಂಬಲಿ" ಎಂದೆ. ಅತ್ತೆ ನಿಮ್ಮತ್ತ ತಿರುಗಿದರು: "ಕಲಿಸಿದವ್ರು ನೀವು. ನೀವ ಹೇಳ್ರಿ." ನೀವು ಹೂಂ ಎಂದಿದ್ದರೆ ಅತ್ತೆ ಮೀರುತ್ತಿರಲಿಲ್ಲ. ನೀವು ಸೆರಗು ಬಿಟ್ಟಿರಿ. "ಅದು ಕಾದಂಬರಿ, ಇಂದೂ. ಇದು ಸಂಸಾರಸ್ಥರ ಮನಿ" ಎಂದು ನಕ್ಕಿರಿ. ಆಮೇಲೆ ಕರವಸ್ತ್ರದಿಂದ ಬೆರಳು ಒರೆಸಿಕೊಂಡಿರಿ. ಅಂದು ಕಣ್ಣೊರೆಸಿಕೊಂಡದ್ದೂ ಅದೇ ಕರವಸ್ತ್ರದಿಂದಲೇ?

ನಾನು ಅಕ್ಕಿಯ ತಟ್ಟೆ ಎತ್ತಿಕೊಂಡು ಹೊಸ್ತಿಲು ದಾಟಿ ಸೆರಗೊಡ್ಡಿದೆ. ಭಾಮಾಬಾಯಿ ಕೈ ಚಾಚಲಿಲ್ಲ. "ತಂಗಿ, ನನಗ ಕನಿಕರ ತೋರಸ್ಲಿಕ್ಕೆ ಬಂದಿದ್ರ ಒಳಗ ಹೋಗು. ನಿನಗ ಬೇಕಾಗಿದ್ರ ನಿಲ್ಲು" ಎಂದರು. ನನ್ನ ಆವೇಶವೆಲ್ಲ ಜರ್ರನೆ ಇಳಿಯಿತು. "ಬೇಕ್ರಿ" ಎಂದೆ. ಆಗ ತುಂಬಿದರು, ಅವಸರವಿಲ್ಲದೆ, ಒಳಗಿನ ಯಾರನ್ನೂ ನೋಡದೆ. ನೀವು ಕಣ್ಣೀರಿಟ್ಟು ಕಲಿಸಿದ ಶಕ್ತಿ ನಿಮ್ಮೆದುರಿಗೇ ನಿಂತಿತ್ತು, ಮಿಸ್. ನೀವು ಚಪ್ಪಲಿ ಹುಡುಕುತ್ತಿದ್ದಿರಿ.

ಆ ಅಕ್ಕಿಯನ್ನು ಆಕಳಿಗೆ ಹಾಕು ಎಂದರು ಅತ್ತೆ. ನಾನು ಹುಗ್ಗಿ ಮಾಡಿದೆ. ಇವರು ಎರಡು ಸಲ ಬಡಿಸಿಕೊಂಡು ಉಂಡರು. ಅತ್ತೆ ಮಾತು ಬಿಟ್ಟಿದ್ದಾರೆ. ನನ್ನನ್ನು ತವರಿಗೆ ಕಳಿಸುವ ಮಾತೂ ಕಿವಿಗೆ ಬಿದ್ದಿದೆ. ಹೆದರಿಕೆಯಾಗುತ್ತದೆ. ಆದರೂ ಆ ಅಕ್ಕಿ ಬೇಡವಾಗಿತ್ತು ಎಂದು ಒಮ್ಮೆಯೂ ಅನ್ನಿಸಿಲ್ಲ.

ಪ್ರತಿ ವರ್ಷ ಪತ್ರದೊಳಗೆ ನಿಮಗೆ ಕುಸುರೆಳ್ಳು ಕಳಿಸುತ್ತಿದ್ದೆ. ಈ ಸಲ ನನ್ನದು ಒಂದು ಕಾಳೂ ಇಲ್ಲ. ಒಳಗಿರುವ ಪೊಟ್ಟಣ ಭಾಮಾಬಾಯಿಯವರದು. ಬೇಡವೆಂದರೂ ಕೇಳದೆ, "ಹಬ್ಬ ಅದ, ಅವ್ರಿಗೂ ಮುಟ್ಟಲಿ" ಎಂದು ಸ್ವಂತ ಕೈಯಿಂದ ಕಟ್ಟಿಕೊಟ್ಟರು. ತಿನ್ನುತ್ತೀರೋ, ಮತ್ತೆ ಬೆರಳು ಒರೆಸಿಕೊಳ್ಳುತ್ತೀರೋ, ನಿಮಗೆ ಬಿಟ್ಟದ್ದು.

ಆ ಸಿಹಿ ನಿಮ್ಮ ಗಂಟಲಲ್ಲಿ ಇಳಿಯಲಿ ಎಂದಷ್ಟೇ ಹಾರೈಸುವ,
ಒಂದು ಕಾಲಕ್ಕೆ ನಿಮ್ಮವಳಾಗಿದ್ದ
ಇಂದೂ