ಹನ್ನೆರಡನೆಯ ರಜಾಯಿ

ನವೆಂಬರ್ 9, ಬೆಳಿಗ್ಗೆ ಹತ್ತು

ಮತ್ತೆ ಬಿಸಿಲು. ಪಿಂಗಾಣಿಯ ಊರು ಜಿಂಗ್‌ಡೆಝೆನ್‌ನ ನಮ್ಮ ಓಣಿ ತುಂಬ ಬಿದಿರು, ಬಿದಿರಿನ ಮೇಲೆ ರಜಾಯಿ. ನನ್ನ ಅಂಗಳದಲ್ಲೂ ಹನ್ನೊಂದು, ಆದರೆ ಪಿಂಗಾಣಿಯವು. ನೆರೆಯವರು ಕೊಟ್ಟ ಹಳೇ ರಜಾಯಿ ಗವಸುಗಳು. ಮಣ್ಣಿನ ಗಂಜಿಯಲ್ಲಿ ಅದ್ದಿ ಭಟ್ಟಿಗಿಟ್ಟರೆ ಬಟ್ಟೆ ಉರಿದುಹೋಗುತ್ತದೆ, ಅದರ ಮಡಿಕೆ ಪಿಂಗಾಣಿಯಾಗಿ ಉಳಿಯುತ್ತದೆ. ಗಾಳಿಗೆ ಕಿಣಿಕಿಣಿ.

ಪ್ರದರ್ಶನಕ್ಕೆ ಹನ್ನೆರಡು ಬೇಕು. ಕಣ್ಣು ಬಿದ್ದಿರುವುದು ಅಮ್ಮನ ಮದುವೆಯ ಗವಸಿನ ಮೇಲೆ. ಕೆಂಪು ಪಿಯೋನಿ ಹೂ, ಅಪ್ಪ ಹಾಕಿದ ತೇಪೆ. ಅಪ್ಪ ಹೋಗಿ ಎಂಟು ತಿಂಗಳು. ಅಮ್ಮ ಅದನ್ನಿನ್ನೂ ಒಗೆದಿಲ್ಲ.

ಅಮ್ಮನನ್ನು ಕೇಳಿಯೇಬಿಟ್ಟೆ.

"ಭಟ್ಟಿಗೆ ನನ್ನನ್ನೇ ಹಾಕು. ತೇಪೆ ನನ್ಮೇಲೂ ಬೇಕಾದಷ್ಟಿವೆ."

ನವೆಂಬರ್ 10

ಕನಸು. ಓಣಿಯ ರಜಾಯಿಗಳೆಲ್ಲ ಎದ್ದು ನದಿ ದಾಟುತ್ತಿವೆ. ಒಂದರ ಕೆಳಗೆ ಅಪ್ಪನ ಪಾದ…

ಕೇಳಬಾರದಿತ್ತು. ಕಲೆಯೆಂದರೆ ಕೇಳಿ, ಕಾಡಿ, ಕಸಿಯುವ ಕಸುಬು. ಪ್ರಾಸ ಚೆನ್ನಾಗಿದೆ, ಮನಸ್ಸು ಚೆನ್ನಾಗಿಲ್ಲ.

ನವೆಂಬರ್ 23, ಮಧ್ಯಾಹ್ನ

ಭಟ್ಟಿಯ ಹತ್ತಿರ ಅಮ್ಮ. ಕಂಕುಳಲ್ಲಿ ಗಂಟು. ಬಿಚ್ಚಿದರೆ ಅದೇ ಗವಸು… ಒಗೆದು, ಇಸ್ತ್ರಿ ಮಾಡಿದ್ದು. ಸೋಪಿನ ವಾಸನೆ, ಅಷ್ಟೇ.

"ಯಾಕಮ್ಮ ಒಗೆದೆ?"

"ಕೊಳೆ ಬಟ್ಟೇನ ಊರೋರ ಮುಂದೆ ಹರವ್ತಾರೇನೇ? ನಿಮ್ಮಪ್ಪನ ಮರ್ಯಾದೆ ಏನಾಗ್ಬೇಕು?"

ಭಟ್ಟಿಯ ಫಾಂಗ್ ಮೇಸ್ತ್ರಿ ಬೆವರಿದ. "ಅಕ್ಕಾ, ಒಡೆದ್ರೆ ನನ್ನ ಬೈಬೇಡಿ."

"ಬೈಯಲ್ಲಪ್ಪ. ದಿನಾ ಬಂದು ನಿನ್ನೆದುರಿಗೆ ಕೂತ್ಕೋತೀನಿ."

ನವೆಂಬರ್ 29

ಭಟ್ಟಿ ತೆರೆದರು. ಬಿರುಕಿಲ್ಲ! ಹೂವಿಲ್ಲ, ಕೆಂಪಿಲ್ಲ, ತೇಪೆಯ ಹೊಲಿಗೆ ಮಾತ್ರ ಬಿಳಿ ಇರುವೆಗಳ ಸಾಲಿನಂತೆ ಎದ್ದು ನಿಂತಿದೆ.

ಅಮ್ಮ ಗೇಣು ಹಾಕಿ ಅಳೆದಳು. "ಎಷ್ಟು ಕುಗ್ಗಿದೆಯೇ! ನಾನು ಒಗೆದಾಗ ಇಷ್ಟು ಕುಗ್ಗಿರ್ಲಿಲ್ಲ."

ಬೆರಳು ಹೊಲಿಗೆಯ ಮೇಲೆ ಎರಡು ಸಲ ಓಡಿತು.

"ಸೊಟ್ಟ. ಯಾವಾಗ್ಲೂ ಸೊಟ್ಟ."

ಡಿಸೆಂಬರ್ 14

ಪ್ರದರ್ಶನದ ಮೊದಲ ದಿನ. ಹಳೇ ಇಟ್ಟಿಗೆಯ ಅಂಗಳ. ಹನ್ನೆರಡೂ ಬಿಸಿಲಲ್ಲಿ, ಕನಸಿನಲ್ಲಿ ಯಾರೋ ಒಣಹಾಕಿ ಮರೆತಂತೆ. ಬಂದವರದ್ದೆಲ್ಲ ಪಿಸುಮಾತು.

ಮೂರೂವರೆಗೆ ಬಿಸಿಲು ಗೋಡೆ ಏರಿತು. ಅಮ್ಮ ಕುರ್ಚಿಯಿಂದ ಎದ್ದಳು. ಹೊತ್ತಿಳಿದ ಮೇಲೆ ರಜಾಯಿ ಹೊರಗೆ ಬಿಟ್ಟವಳೇ ಅಲ್ಲ.

"ಥಂಡಿ ಹೀರ್ಕೊಳುತ್ತೆ. ತೆಗಿಯೇ."

"ಮುಟ್ಟಬೇಡಿ ಅಜ್ಜಿ," ಅಂದ ಕಾವಲಿನವನು.

"ನನ್ನ ಮದುವೇದಪ್ಪಾ. ನೀನಾಗ ಹುಟ್ಟಿರ್ಲಿಲ್ಲ."

ಅವನು ನನ್ನ ಮುಖ ನೋಡಿದ. ನಾನು ಅಮ್ಮನ ಮುಖ ನೋಡಿದೆ. ಹೋಗಿ ಇನ್ನೊಂದು ತುದಿ ಹಿಡಿದೆ.

ಮೆಲ್ಲಗೆ ಬಿದಿರಿನಿಂದ ಎತ್ತಿದೆವು. ಬೆಚ್ಚಗಿತ್ತು. ಯಾರೋ ಈಗಷ್ಟೇ ಎದ್ದುಹೋದ ಹಾಗೆ ಬೆಚ್ಚಗೆ. ಅಮ್ಮ ಕಣ್ಣು ಮುಚ್ಚಿದಳು. ನಾನೂ. ನಾಲ್ಕು ಕೈ, ನಲವತ್ತು ವರ್ಷದ ಅಭ್ಯಾಸ. ಪಿಂಗಾಣಿ ಅನ್ನುವುದು ಇಬ್ಬರಿಗೂ ಮರೆತೇಹೋಗಿ, ಮಡಚಲೆಂದು ಅಂಚಿಗೆ ಅಂಚು ತಂದೆವು — ಟಕ್!