ಪಬಿತ್ರ ಕೂಗಿದ ಮಾತು

ಪೀಣ್ಯ ಎರಡನೇ ಹಂತ
ಭಾನುವಾರ, 9 ಫೆಬ್ರುವರಿ 2025

ಪ್ರೀತಿಯ ಸಿದ್ದಕ್ಕ,

ಹೇಗಿದ್ದೀಯ? ಮೂರು ವಾರದಿಂದ ನಿನ್ನ ಫೋನು ತೆಗೆದಿಲ್ಲ, ಬೈದುಕೋ. ಬಾಯಲ್ಲಿ ಬಾರದ್ದನ್ನು ಕಾಗದದಲ್ಲಾದರೂ ಬರೆಯೋಣವೆಂದು ಕೂತಿದ್ದೇನೆ. ಮೊದಲು ನಿನ್ನ ತಮ್ಮನ ಸುದ್ದಿ. ಕಾಡಪ್ಪನ ಪಾದದ ಹೊಲಿಗೆ ಬಿಚ್ಚಿದರು. ಎರಡು ಬೆರಳು ಹೋದವು. ಗೋಡೆ ಹಿಡಿದು ನಡೆಯುತ್ತಾನೆ.

ನೀನು ಫ್ಯಾಕ್ಟರಿ ಕೆಲಸ ಬಿಟ್ಟು ಸಿಂಧನೂರಿಗೆ ಹೋದ ಮೇಲೆ ನಿನ್ನ ಲೈನ್ ಲೀಡರ್ ಜಾಗ ನನಗೆ ಬಂತಲ್ಲ. ಒಂಬತ್ತು ಜನ, ಐದು ಭಾಷೆ. ಒಳ್ಳೆಯದೂ ಆಯಿತು. ಮಧುರೆಯ ಸೆಲ್ವಿ ಕೆಟ್ಟ ಮಾಲಿಗೆಂದು ಕೆಂಪು ಟ್ರೇ ಇಟ್ಟಳು. ಓದು ಬಾರದವರಿಗೂ ತಿಳಿಯಿತು, ವಾಪಸು ಬರುವ ಮಾಲು ಅರ್ಧಕ್ಕಿಳಿಯಿತು. ಆದರೆ ಒಡಿಶಾದ ಪಬಿತ್ರನೂ ಕಾಡಪ್ಪನೂ ಒಂದೇ ರೂಮಿನವರು. ಕಾಡಪ್ಪ ಅವನ ಭಾಷೆ ಕಲಿತುಬಿಟ್ಟಿದ್ದ. ಇಬ್ಬರೂ ಮಾತಾಡಿ ನಗುವಾಗ ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಕೆಲಸದ ಹೊತ್ತಿನಲ್ಲಿ ಕನ್ನಡವೇ ಆಗಬೇಕೆಂದು ಕಟ್ಟುನಿಟ್ಟು ಮಾಡಿದೆ.

ಮೂರು ವಾರದ ಹಿಂದೆ, ಆ ಗುರುವಾರ ಮಧ್ಯಾಹ್ನ, ಕ್ರೇನಿನಲ್ಲಿ ಕಬ್ಬಿಣದ ಅಚ್ಚು ಎತ್ತಿದ್ದರು. ಅವಸರದಲ್ಲಿ ನಾನು ಅದರಡಿಗೇ ಬಂದುಬಿಟ್ಟಿದ್ದೆ. ಕ್ರೇನು ನಡೆಸುತ್ತಿದ್ದ ಪಬಿತ್ರ ಒಡಿಯಾದಲ್ಲಿ ಕೂಗಿದ. ಏನೆಂದು ಯಾರಿಗೂ ಗೊತ್ತಾಗಲಿಲ್ಲ. ಕಾಡಪ್ಪ ಒಬ್ಬನೇ ಓಡಿಬಂದು ನನ್ನನ್ನು ನೂಕಿದ. ಸರಪಳಿ ಹರಿದು, ಅಚ್ಚು ಅವನ ಪಾದದ ತುದಿಗೆ ಬಿತ್ತು.

ಆಸ್ಪತ್ರೆಯಲ್ಲಿ ನನ್ನ ಅಳು ನಿಲ್ಲಲಿಲ್ಲ. ಅವನೇ ಸಮಾಧಾನ ಹೇಳಿದ: "ಪಬಿತ್ರ ಒದರಿದ್ದಿಲ್ಲಂದ್ರ ನೀವು ಇರ್ತಿದ್ದಿಲ್ಲ ಅಕ್ಕಾರ."

ಕಾಡಪ್ಪ ಮಲಗಿದ್ದಾಗಲೇ ವಿಚಾರಣೆ ಮುಗಿಯಿತು. ಸರಪಳಿ ಬಿರುಕು ಬಿಟ್ಟಿದ್ದನ್ನು ಮೊದಲೇ ತಿಳಿಸಲಿಲ್ಲವೆಂದು ಪಬಿತ್ರನನ್ನು ಕೆಲಸದಿಂದ ತೆಗೆದರು. ಈಗ ಲೈನಿನಲ್ಲಿ ಯಾರೂ ನಗುವುದಿಲ್ಲ. ಸೆಲ್ವಿ ನನ್ನೊಡನೆ ಊಟಕ್ಕೆ ಕೂರುವುದಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಮನೆ ತಣ್ಣಗಿರಲಿ.

ನಿನ್ನ
ಧನಲಕ್ಷ್ಮಿ

ಮರೆತ ಮಾತು: ಮರೆತದ್ದಲ್ಲ, ಸಿದ್ದಕ್ಕ, ಮುಚ್ಚಿಟ್ಟದ್ದು. ಅವತ್ತು ಬೆಳಿಗ್ಗೆಯೇ ಪಬಿತ್ರ ನನ್ನ ಹತ್ತಿರ ಬಂದು, ಸರಪಳಿಯತ್ತ ಕೈ ತೋರಿಸಿ ಏನೋ ಹೇಳಿದ್ದ. "ಕನ್ನಡದಲ್ಲಿ ಹೇಳು, ಇಲ್ಲಾಂದ್ರೆ ಹೋಗು" ಅಂದಿದ್ದೆ. ವಿಚಾರಣೆಯಲ್ಲಿ, ಅವನು ಏನೂ ತಿಳಿಸಲಿಲ್ಲವೆಂದು ಬರೆದು ಸಹಿ ಹಾಕಿದವಳು ನಾನೇ. ಕಾಡಪ್ಪನಿಗೆ ಇದು ಗೊತ್ತಿಲ್ಲ. ನಿನ್ನೆ ಪಬಿತ್ರ ಬ್ಯಾಗು ಹೊತ್ತು ಗೇಟಿನ ಹತ್ತಿರ ಕಾದಿದ್ದ. "ಅಕ್ಕ, ನಾನು ಹೇಳಿದೆ ಅಲ್ವಾ?" ಎಂದು ಕನ್ನಡದಲ್ಲೇ ಕೇಳಿದ. ನಾನು ಅರ್ಥವಾಗದವಳಂತೆ ನಿಂತೆ.