ಮುನ್ನೂರು ಫೋಟೋಗಳ ಪುಟ

ಮಾತು ಬಿಟ್ಟ ಗೆಳತಿಗೆ,

ಇವತ್ತು ಅಂಗಡಿಗೆ ಒಬ್ಬ ತಾಯಿ ಬಂದಿದ್ದರು. ಮಗಳಿಗೆ ಕಸೂತಿಯ ಉಡುಪು ಬೇಕಿತ್ತು. ‘ನನ್ನ ವೆಬ್‌ಸೈಟ್ ನೋಡಿ’ ಎಂದು ಜಂಬದಿಂದ ಹೇಳಿದೆ. ಅವರ ಮೊಬೈಲಿನಲ್ಲಿ ಚಕ್ರ ತಿರುಗುತ್ತಲೇ ಇತ್ತು. ಮುನ್ನೂರು ಫೋಟೋ ಹೊತ್ತ ಪುಟ ತೆರೆಯಲೇ ಇಲ್ಲ.

‘ಹೋಗ್ಲಿ ಬಿಡಮ್ಮ, ಬೇರೆ ಕಡೆ ನೋಡ್ತೀನಿ’ ಎಂದು ಎದ್ದು ಹೋದರು. ನನಗೆ ಮೈಯೆಲ್ಲ ಉರಿಯಿತು.

ನಾವಿಬ್ಬರೂ ಒಟ್ಟಿಗೆ ಹೊಲಿಯುತ್ತಿದ್ದಾಗಲೇ ನೀನು ಹೇಳಿದ್ದೆ, ‘ಇಷ್ಟೊಂದು ಫೋಟೋ ಹಾಕ್ಬೇಡ ಕಣೇ, ಜನ ಕಾಯಲ್ಲ’ ಎಂದು. ‘ನನ್ನ ಕೆಲಸ ಕಂಡ್ರೆ ನಿಂಗೆ ಹೊಟ್ಟೆಕಿಚ್ಚು’ ಎಂದು ನಾನು ಕೂಗಾಡಿದ್ದೆ. ಮರುದಿನದಿಂದ ನೀನು ಬರಲಿಲ್ಲ.

ಸಿಟ್ಟಿನಲ್ಲೇ ಕೂತು ಒಂದೊಂದಾಗಿ ಅಳಿಸಿದೆ. ತೀರಾ ಚೆನ್ನಾಗಿದ್ದ ಹನ್ನೆರಡನ್ನು ಮಾತ್ರ ಉಳಿಸಿದೆ. ಈಗ ಪುಟ ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆಯುತ್ತದೆ.

ಹನ್ನೆರಡರಲ್ಲಿ ಒಂಬತ್ತು ನೀನು ಹೊಲಿದವು. ಎಲ್ಲದರ ಕೆಳಗೂ ನನ್ನ ಹೆಸರಿದೆ.